'ಇನ್' ಬಂದ ಕಡೆಯೆಲ್ಲ 'ಅಲ್ಲ' ಅಂತ ಅರ್ಥವೇ?

ಪ್ರಶ್ನೆ: ಮೇಷ್ಟ್ರೇ, ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು. ಕಳೆ ಕತ್ತರಿಸುವ ಮೆಷಿನ್‌ಗೆ ಪೆಟ್ರೋಲ್ ತಂದಿಡುವ ಕ್ಯಾನ್ ಮೇಲೆ 'ಇನ್‌ಫ್ಲೇಮಬಲ್' ಅಂತ ಇದೆ. 9ನೇ ಕ್ಲಾಸಿನ ಮಗಳು ಅದನ್ನು ಓದಿ, "ಅಪ್ಪಾ, ಇನ್‌ಕರೆಕ್ಟ್ ಅಂದ್ರೆ ಸರಿಯಲ್ಲ. ಹಾಗಾದ್ರೆ ಇದು ಉರಿಯಲ್ಲ ಅಂತ ತಾನೇ?" ಎಂದಳು. ಏನು ಹೇಳಲಿ?

ಉತ್ತರ: ವ್ಯಾಕರಣ ಆಮೇಲೆ. ಮೊದಲು ಮಗಳಿಗೆ ಇಷ್ಟು ಹೇಳಿಬಿಡಿ: ಅದು ತಟ್ಟನೆ ಬೆಂಕಿ ಹತ್ತುವ ವಸ್ತು. ಅದರ ಹತ್ತಿರ ಬೆಂಕಿಪೊಟ್ಟಣ ತರಲೇಬಾರದು.

ಮಡಿಕೇರಿಯಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ 'ಇನ್ ಅಂದರೆ ಅಲ್ಲ' ಅಂತ ನಾನೂ ಬೋರ್ಡಿನ ಮೇಲೆ ಬರೆದಿದ್ದೆ. ಪರೀಕ್ಷೆಯಲ್ಲಿ ಒಬ್ಬ ಹುಡುಗ ಇದೇ ಪದಕ್ಕೆ 'ಉರಿಯದ' ಅಂತ ಬರೆದ. ನಾನು ಮಾರ್ಕು ಕಳೆದೆ. ಅವನು ನಾನು ಕಲಿಸಿದ್ದನ್ನೇ ಬರೆದಿದ್ದ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಎರಡು ಬೇರೆ ಬೇರೆ 'ಇನ್' ಬಂದಿವೆ. ರೂಪ ಒಂದೇ, ಹುಟ್ಟು ಬೇರೆ. ಒಂದು ಇಲ್ಲ, ಅಲ್ಲ ಅನ್ನುವ 'ಇನ್'. ಇದು ನಮಗೆ ದೂರದ್ದೇನಲ್ಲ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಅನ್ಯಾಯ, ಅನಾರೋಗ್ಯದ ಮೊದಲಲ್ಲಿರುವ ಅ, ಅನ್ ಮತ್ತು ಇಂಗ್ಲಿಷಿನ 'ಅನ್‌ಹ್ಯಾಪಿ'ಯ ಅನ್ ಎಲ್ಲ ಒಂದೇ ಬೇರಿನವು. ನನಗೆ ತುಂಬ ಇಷ್ಟದ ಪದ 'ಇನ್‌ಫಂಟ್'. ಲ್ಯಾಟಿನ್‌ನಲ್ಲಿ ಅದರ ಮೂಲ ಅರ್ಥ ಮಾತು ಬಾರದ್ದು. ಹಸುಗೂಸು, ಅಲ್ವಾ!

ಇನ್ನೊಂದು, ಒಳಗೆ, ಮೇಲೆ ಅನ್ನುವ 'ಇನ್'. ಇಂಜೆಕ್ಟ್ ಅಂದರೆ ಒಳಗೆ ಎಸೆಯುವುದು. ಇಂಪೋರ್ಟ್ ಅಂದರೆ ಒಳಕ್ಕೆ ಹೊತ್ತು ತರುವುದು. 'ಪ' ಮುಂದೆ ಬಂದರೆ ಉಚ್ಚಾರಣೆಗೆ ಸುಲಭವಾಗಲಿ ಅಂತ ಇನ್ ಹೋಗಿ ಇಮ್ ಆಗುತ್ತದೆ. ಆದರೆ ಇಂಪಾಸಿಬಲ್‌ನಲ್ಲಿರುವ ಇಮ್ ಮೊದಲನೆಯ, 'ಅಲ್ಲ' ಅನ್ನುವ ಜಾತಿಯದು.

ನಿಮ್ಮ ಕ್ಯಾನ್ ಮೇಲಿನದು ಈ ಎರಡನೆಯ ಇನ್. ಲ್ಯಾಟಿನ್‌ನಲ್ಲಿ 'ಫ್ಲಾಮ' ಅಂದರೆ ಜ್ವಾಲೆ, 'ಇನ್‌ಫ್ಲಾಮಾರೆ' ಅಂದರೆ ಬೆಂಕಿ ಹೊತ್ತಿಸು. ಡಾಕ್ಟರು ಹೇಳುವ ಇನ್‌ಫ್ಲಮೇಶನ್ ಕೂಡ ಇಲ್ಲಿಂದಲೇ ಬಂದದ್ದು. ಅದಕ್ಕೆ ಕನ್ನಡದಲ್ಲಿ ಉರಿಯೂತ ಅಂತೀವಿ. ಅಲ್ಲೂ ಉರಿ ಇದೆ ನೋಡಿ!

ಇದು ಸುಮ್ನೆ ಮಕ್ಕಳ ಗೊಂದಲ ಅಲ್ಲ. 1920ರ ದಶಕದಲ್ಲೇ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್, 'ಇನ್' ತೆಗೆದು ಬರೀ 'ಫ್ಲೇಮಬಲ್' ಬಳಸಿ ಅಂತ ಒತ್ತಾಯಿಸಿತ್ತು. ಎರಡಕ್ಕೂ ಅರ್ಥ ಒಂದೇ. ಉರಿಯದ್ದಕ್ಕೆ 'ನಾನ್‌ಫ್ಲೇಮಬಲ್' ಅನ್ನಬೇಕು. ಆದರೂ ಕುಶಾಲನಗರದಿಂದ ಮಡಿಕೇರಿಗೆ ಹತ್ತುವ ಟ್ಯಾಂಕರ್‌ಗಳ ಹಿಂದೆ ಹಳೆಯ ಪದವನ್ನೇ ನಾನು ನೋಡಿದ್ದೇನೆ.

ಗುರುತಿಸುವುದು ಹೇಗೆ? ಕರೆಕ್ಟ್‌ನಂಥ ಗುಣ ಹೇಳುವ ಪದಕ್ಕೆ ಇನ್ ಸೇರಿದರೆ ಜಾಸ್ತಿ ಕಡೆ 'ಅಲ್ಲ'. ಇಂಜೆಕ್ಟ್‌ನಂಥ ಕ್ರಿಯಾಪದವಾದರೆ ಜಾಸ್ತಿ ಕಡೆ 'ಒಳಗೆ'. ಇನ್‌ಫ್ಲೇಮಬಲ್‌ನಲ್ಲಿ 'ಇನ್‌ಫ್ಲೇಮ್' ಅನ್ನುವ ಕ್ರಿಯಾಪದ ಅಡಗಿದೆ. ಆದರೆ ಸಂಶಯ ಬಂದಾಗ ನಿಘಂಟು ನೋಡುವುದೇ ಸರಿ.

ಮಗಳ ಕೈಯಲ್ಲೇ ಒಂದು ಕೆಲಸ ಮಾಡಿಸಿ. ಆ ಕ್ಯಾನ್ ಮೇಲೆ ದಪ್ಪ ಅಕ್ಷರದಲ್ಲಿ 'ಬೇಗ ಬೆಂಕಿ ಹತ್ತುತ್ತದೆ' ಅಂತ ಕನ್ನಡದಲ್ಲಿ ಬರೆಸಿ. ಪಕ್ಕದಲ್ಲಿ ಒಂದು ಜ್ವಾಲೆಯ ಚಿತ್ರವೂ ಇರಲಿ. ತೋಟದ ಕಾರ್ಮಿಕರಿರುವ ಲೈನ್ ಮನೆಯಲ್ಲಿ ಕನ್ನಡ ಓದಲು ಬಾರದವರೂ ಇರಬಹುದು.