ಕುರ್ಚಿ ಎತ್ತಿಡುವುದನ್ನು ಬೇರೆಯವರಿಗೆ ಬಿಡಿ

ಈ ವಾರದ ಒಂದು ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ಬರೆದವರು ತಮ್ಮ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಬೈಬಲ್ ಕಲಿಸುವ ಸಂಡೇ ಸ್ಕೂಲ್ ಟೀಚರ್. ಮೊದಲು ಚಿಕ್ಕ ಮಕ್ಕಳನ್ನಷ್ಟೇ ನೋಡಿಕೊಳ್ಳುತ್ತಿದ್ದರು. ದೊಡ್ಡ ಮಕ್ಕಳ ಟೀಚರ್ ಬಿಟ್ಟುಹೋದ ಮೇಲೆ ಆ ಗುಂಪನ್ನೂ ಇವರ ತಲೆಗೇ ಕಟ್ಟಿದರು. ಈಗ 6 ವರ್ಷದವರಿಂದ 16ರವರೆಗೆ ಎಲ್ಲರೂ ಒಂದೇ ಹಾಲ್‌ನಲ್ಲಿ. ಟೀಚರ್ ಒಬ್ಬರೇ. ಚಿಕ್ಕವರು ಓಡುತ್ತಾರೆ, ದೊಡ್ಡವರು ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಶನಿವಾರ ರಾತ್ರಿಯಾದರೆ ಹೊಟ್ಟೆಯಲ್ಲಿ ಸಂಕಟ. ಹಿಂದಿನ ಟೀಚರ್ ಗಿಟಾರ್ ನುಡಿಸುತ್ತಿದ್ದರು, ಇವರಿಗೆ ಅದು ಬರುವುದಿಲ್ಲ. ಮೊನ್ನೆ ಸಂಡೇ ಸ್ಕೂಲಿನ ಉಸ್ತುವಾರಿ ನೋಡುವ ಸೂಪರಿಂಟೆಂಡೆಂಟ್ ಬಾಗಿಲಲ್ಲೇ ನಿಂತು, 'ನಿಮ್ಮ ಮುಖದಲ್ಲಿ ಸಂತೋಷವೇ ಇಲ್ಲ, ಪ್ರಾರ್ಥನೆ ಕಡಿಮೆಯಾಗಿದೆ ಅಂತ ಕಾಣುತ್ತೆ' ಎಂದರಂತೆ. 'ಈ ಸೇವೆಗೆ ದೇವರು ನನಗೆ ಕೊಟ್ಟ ಕರೆ ಮುಗಿಯಿತಾ? ಬಿಟ್ಟುಬಿಡಲಾ?' ಎಂದು ಕೇಳಿದ್ದಾರೆ.

ಸಿಟ್ಟು ಬಂದಿದ್ದು ಈ ಸೂಪರಿಂಟೆಂಡೆಂಟ್ ಮೇಲೆ. ಎರಡು ಕ್ಲಾಸನ್ನು ಒಬ್ಬರ ಮೇಲೆ ಹೇರಿದವರು ಅವರು. ಇನ್ನೊಬ್ಬರನ್ನು ಹುಡುಕುವುದು ಅವರ ಕೆಲಸ. ಅದನ್ನು ಬಿಟ್ಟು ಮುಖ ನೋಡಿ ಪ್ರಾರ್ಥನೆಯ ಅಳತೆ ಹೇಳುತ್ತಾರೆ. ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ: 'ಇದು ದೇವರ ಸೇವೆ' ಅನ್ನುವ ಮಾತು ಜಾಸ್ತಿ ಕೇಳಿಸುವುದು ಸಹಾಯ ಕೊಡಲು ಮನಸ್ಸಿಲ್ಲದವರ ಬಾಯಿಂದ.

ಸಂಡೇ ಸ್ಕೂಲ್ ಶುರುವಾದ ಬಗೆಯನ್ನು ಅವರಿಗೆ ಒಮ್ಮೆ ಹೇಳಿ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆ ನಡೆಸುವವನೊಬ್ಬ ಇಂಥ ಶಾಲೆ ಆರಂಭಿಸಿದ. ಅಲ್ಲಿನ ಬಡ ಮಕ್ಕಳು ವಾರದಲ್ಲಿ ಆರು ದಿನ ದುಡಿಯುತ್ತಿದ್ದರು, ಭಾನುವಾರ ಬೀದಿಯಲ್ಲಿ ದಾಂಧಲೆ ಮಾಡುತ್ತಿದ್ದರು. ಅವರಿಗೆ ಓದು ಕಲಿಸಲು ಆತ ಹೆಂಗಸರನ್ನು ಗೊತ್ತು ಮಾಡಿದ. ಪುಕ್ಕಟೆಯಾಗಿ ಅಲ್ಲ. ದಿನಕ್ಕೆ ಒಂದು ಶಿಲ್ಲಿಂಗ್ ಕೂಲಿ ಕೊಟ್ಟು. ನೀವು ಶಿಲ್ಲಿಂಗ್ ಕೇಳಿ ಅಂತ ನಾನು ಹೇಳುತ್ತಿಲ್ಲ. ಇನ್ನೊಬ್ಬ ಮನುಷ್ಯರನ್ನು ಕೇಳುವುದಕ್ಕೆ ನಾಚಿಕೆ ಬೇಡ, ಅಷ್ಟೇ.

ಈಗ ನಿಮ್ಮ ಪತ್ರದ ಕೊನೇ ಸಾಲುಗಳಿಗೆ ಬರೋಣ. ದೂರುಗಳ ಪಟ್ಟಿಯ ತುದಿಯಲ್ಲಿ ಹೀಗೆ ಬರೆದಿದ್ದೀರಿ: 'ಎಲ್ಲ ಮುಗಿದು ಕುರ್ಚಿ ಎತ್ತಿಡುವಾಗಲೂ ಬಿಡುವಿಲ್ಲ. ದೊಡ್ಡ ಮಕ್ಕಳಲ್ಲಿ ಮೂವರು ಮನೆಗೇ ಹೋಗುವುದಿಲ್ಲ, ಸುಮ್ನೆ ಅಲ್ಲೇ ಸುತ್ತುತ್ತಾರೆ, ಏನೇನೋ ಕೇಳುತ್ತಾರೆ. ಹೋದ ವಾರ ಒಬ್ಬಳು, ದೇವರಿಗೆ ಸಿಟ್ಟು ಬಂದರೆ ನಮ್ಮಪ್ಪನ ಥರ ಮಾತು ಬಿಡ್ತಾನಾ ಆಂಟಿ ಅಂದಳು. ಹೊತ್ತಾಯ್ತು, ಮನೆಗೆ ಹೋಗಮ್ಮ ಅಂದೆ.'

ಅಲ್ರೀ, ಇದನ್ನು ದೂರಿನ ಪಟ್ಟಿಗೆ ಸೇರಿಸಿದ್ದೀರಲ್ಲ!

ಆರಾಧನೆಗೆ ಅಪ್ಪ ಅಮ್ಮ ಎಳೆದುಕೊಂಡು ಬಂದ ಮಕ್ಕಳವು. ಮುಗಿದ ತಕ್ಷಣ ಹೊರಗೆ ಓಡಬೇಕು. ಮೂವರು ಓಡದೆ ನಿಮ್ಮ ಹಿಂದೆ ಸುತ್ತುತ್ತಿದ್ದಾರೆ ಅಂದರೆ ಗಿಟಾರ್ ಬರದಿದ್ದರೂ ನಿಮ್ಮಲ್ಲಿ ಏನೋ ಅವರಿಗೆ ಹಿಡಿಸಿದೆ. ಹದಿಹರೆಯದವರು ಎದುರು ಬದುರು ಕೂತು ಮನಸ್ಸು ಬಿಚ್ಚುವುದು ಕಡಿಮೆ. ಕೈಗೆ ಏನಾದರೂ ಕೆಲಸ ಇರಬೇಕು, ಕಣ್ಣು ಬೇರೆಲ್ಲೋ ಇರಬೇಕು, ಆಗ ಮಾತು ಬರುತ್ತದೆ. ಆ ಹುಡುಗಿ ಆ ಪ್ರಶ್ನೆಯನ್ನು ಕ್ಲಾಸಿನಲ್ಲಿ ಎಲ್ಲರ ಮುಂದೆ ಕೇಳುತ್ತಿದ್ದಳಾ? ಖಂಡಿತ ಇಲ್ಲ. ಅದಕ್ಕಾಗಿ ಅವಳು ಇಡೀ ಬೆಳಿಗ್ಗೆ ಕಾದಿದ್ದಾಳೆ. ನನ್ನ ಕನಿಕರ ನಿಮಗಿಂತ ಅವಳ ಕಡೆಗೇ ಸ್ವಲ್ಪ ಜಾಸ್ತಿ, ಬೇಸರ ಮಾಡಿಕೊಳ್ಳಬೇಡಿ.

12 ವರ್ಷದ ಯೇಸು ದೇವಾಲಯದಲ್ಲಿ ಉಳಿದುಬಿಟ್ಟ ಕಥೆಯನ್ನು ನೀವೇ ಮಕ್ಕಳಿಗೆ ಹೇಳಿರುತ್ತೀರಿ. ಮೂರು ದಿನದ ಮೇಲೆ ತಂದೆ ತಾಯಿಗೆ ಸಿಕ್ಕಾಗ ಹುಡುಗ ಬೋಧಕರ ನಡುವೆ ಕೂತು ಕೇಳಿಸಿಕೊಳ್ಳುತ್ತಿದ್ದ, ಪ್ರಶ್ನೆ ಹಾಕುತ್ತಿದ್ದ ಎಂದು ಬೈಬಲಿನಲ್ಲಿ ಲೂಕ ಬರೆಯುತ್ತಾನೆ. ಆ ಬೋಧಕರ ಹೆಸರು ನಮಗೆ ಗೊತ್ತಿಲ್ಲ. ಆದರೆ ಹೊತ್ತಾಯ್ತು ಅಂತ ಅವರು ಹುಡುಗನನ್ನು ಎಬ್ಬಿಸಿ ಕಳಿಸಲಿಲ್ಲ.

ಉತ್ತರ ಗೊತ್ತಿಲ್ಲ ಅಂತ ನೀವು ಹೆದರಿದಿರಿ. ಆ ಕ್ಷಣಕ್ಕೆ ಉತ್ತರ ಬೇಕಿರಲಿಲ್ಲ. 'ಅಪ್ಪ ಮಾತು ಬಿಟ್ಟಾಗ ನೀನು ಏನು ಮಾಡ್ತೀಯಾ?' ಎಂದು ಕೇಳಿದ್ದರೆ ಸಾಕಿತ್ತು. ಈಗಲೂ ಕೇಳಬಹುದು. ಒಂದು ಎಚ್ಚರ ಮಾತ್ರ ಇರಲಿ. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. ಮಾತು ಬಿಡುವುದರ ಜೊತೆ ಹೊಡೆತವೂ ಇದೆ ಅಂತ ಗೊತ್ತಾದರೆ ನೀವು ಸುಮ್ಮನಿರುವ ಹಾಗಿಲ್ಲ. ಸಭಾಪಾಲಕರಿಗೋ, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೋ ಅಂದೇ ತಿಳಿಸಬೇಕು. ಹಾಗೆಯೇ ಬಾಗಿಲು ಹಾಕಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಕೂರಬೇಡಿ. ಬಾಗಿಲು ತೆರೆದಿರಲಿ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇನ್ನೊಬ್ಬ ದೊಡ್ಡವರು ಇರಲಿ. ಇದು ಮಗುವಿಗೂ ಒಳ್ಳೆಯದು, ನಿಮಗೂ.

ಮೊಬೈಲ್ ನೋಡುವ ಹುಡುಗರ ಬಗ್ಗೆ ನನಗೆ ದೊಡ್ಡ ಚಿಂತೆಯಿಲ್ಲ. ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದ 20ನೇ ಅಧ್ಯಾಯದಲ್ಲಿ, ಊರೂರಿಗೆ ಹೋಗಿ ಯೇಸುವಿನ ವಿಷಯ ಸಾರುತ್ತಿದ್ದ ಪೌಲ ನಡುರಾತ್ರಿಯವರೆಗೆ ಪ್ರಸಂಗ ಮಾಡುತ್ತಾನೆ. ಕಿಟಕಿಯಲ್ಲಿ ಕೂತಿದ್ದ ಯೂತಿಖ ಎಂಬ ಹುಡುಗ ನಿದ್ದೆ ಹೋಗಿ ಮೂರನೇ ಅಂತಸ್ತಿನಿಂದ ಕೆಳಗೆ ಬೀಳುತ್ತಾನೆ. ಪೌಲನಂಥ ಪೌಲನ ಮಾತಿಗೇ ಹುಡುಗರು ತೂಕಡಿಸಿದ್ದಾರೆ, ನಿಮ್ಮ ಕ್ಲಾಸು ಯಾವ ಲೆಕ್ಕ? ನನಗೆ ಹಿಡಿಸುವುದು ಮುಂದಿನದು. ಪೌಲ ಬೈಯಲಿಲ್ಲ, ಮೆಟ್ಟಿಲಿಳಿದು ಹೋಗಿ ಅವನನ್ನು ತಬ್ಬಿಕೊಂಡ. (ಆಮೇಲೆ ಮೇಲೆ ಬಂದು ಬೆಳಗಿನವರೆಗೂ ಮಾತಾಡಿದ. ಅದನ್ನು ನೀವು ಅನುಸರಿಸಬೇಡಿ.)

ಚಿಕ್ಕವರ ಮಾತು ಬೇರೆ. ಆರು ವರ್ಷದ ಮಗು ಹತ್ತು ನಿಮಿಷ ಕಥೆ ಕೇಳಿದರೆ ಅದೇ ದೊಡ್ಡದು, ಆಮೇಲೆ ಓಡಲೇಬೇಕು. ಓಡಲಿ. 15 ವರ್ಷದವರಿಗೆ ಅದೇ ಕಥೆ, ಅದೇ ಆಕ್ಷನ್ ಸಾಂಗ್ ಅಂದರೆ ಅವಮಾನ. ಈ ಎರಡು ಗುಂಪು ಒಂದೇ ಹಾಲ್‌ನಲ್ಲಿ ಇರುವವರೆಗೆ ಯಾರು ಬಂದರೂ ಗದ್ದಲವೇ. ಬೈಬಲ್ ವಾಕ್ಯ ಬಾಯಿಪಾಠ ಮಾಡಿದವರಿಗೆ ಬಹುಮಾನ ಕೊಡುವ ಪದ್ಧತಿ ಇದ್ದರೆ ಅದನ್ನೂ ಕೈಬಿಡಿ. ಬಹುಮಾನ ಪ್ರತಿ ವರ್ಷ ಅದೇ ಇಬ್ಬರಿಗೆ ಹೋಗುತ್ತದೆ, ಉಳಿದವರು ತಾವು ದಡ್ಡರು ಅಂತ ಕಲಿಯುತ್ತಾರೆ. ಇದು ನನ್ನ ಹಳೇ ಹಠ, ಗೊತ್ತಲ್ವಾ.

ನಿಮ್ಮ ಕರೆ ಮುಗಿಯಿತಾ ಅಂತ ನಾನು ಹೇಳಲಾರೆ. ಕ್ಲಾಸ್ ಚೆನ್ನಾಗಿ ನಡೆದರೆ ಸಂತೋಷ ಬರುತ್ತದೆ ಅಂತ ನೀವು ಕಾಯುತ್ತಿದ್ದೀರಿ. ಅದು ಬರುವುದು ಒಂದು ಮಗುವಿನ ಹೆಸರು, ಮನೆ, ಭಯ, ನಗು ನಿಮಗೆ ಗೊತ್ತಾದಾಗ. ಹಾಗೆ ಗೊತ್ತಾಗುವ ಹೊತ್ತು ಪ್ರತಿ ಭಾನುವಾರ ನಿಮ್ಮ ಹಾಲ್‌ಗೆ ಬರುತ್ತಿದೆ, ನೀವು ಕುರ್ಚಿ ಎತ್ತಿಡುತ್ತಿದ್ದೀರಿ.

ಹಾಗಾಗಿ ಒಂದೇ ಕೆಲಸ ಹೇಳುತ್ತೇನೆ. ಬರುವ ಭಾನುವಾರ ಕುರ್ಚಿಗಳನ್ನು ಮುಟ್ಟಬೇಡಿ. ಸೂಪರಿಂಟೆಂಡೆಂಟ್ ಬಾಗಿಲಲ್ಲಿ ನಿಂತಿರುತ್ತಾರಲ್ಲ, ಅವರಿಗೇ ಒಪ್ಪಿಸಿ. ಹಾಲ್‌ನಲ್ಲಿ ಇನ್ನೊಬ್ಬ ದೊಡ್ಡವರು ಇದ್ದ ಹಾಗೂ ಆಯಿತು. ನೀವು ಆ ಮೂವರ ಜೊತೆ ನೆಲದ ಮೇಲೆ ಕೂತು ಅವರು ಏಳುವವರೆಗೂ ಏಳಬೇಡಿ. ಎರಡು ತಿಂಗಳು ಹೀಗೆ ಮಾಡಿ, ಆಮೇಲೂ ಶನಿವಾರದ ಸಂಕಟ ಹೋಗದಿದ್ದರೆ ಧಾರಾಳವಾಗಿ ಬಿಡಿ, ಯಾವ ಪಾಪವೂ ಬರುವುದಿಲ್ಲ. ಕುರ್ಚಿ ಯಾಕೆ ಹಾಗೇ ಬಿದ್ದಿವೆ ಅಂತ ಕಮಿಟಿಯಲ್ಲಿ ಯಾರಾದರೂ ಕೇಳಿದರೆ ಈ ಅಂಕಣ ಕತ್ತರಿಸಿ ಅವರ ಕೈಗೆ ಕೊಡಿ.