ಪ್ರತಿಕ್ರಿಯೆ: ಆಗುಂಬೆಯ ಹಳೇ ಹೋಮ್‌ಸ್ಟೇಗೆ ಬರೀ ರಾತ್ರಿ ಊಟಕ್ಕೆ ಹೋಗಬಹುದಾ?

ನಮಸ್ಕಾರ. ಎರಡು ವರ್ಷದ ಹಿಂದೆ ಉಳಿದಿದ್ದ ಮನೆಗೆ ಈಗ ಊಟಕ್ಕಷ್ಟೇ ಹೋಗಿ, ರಾತ್ರಿಯೇ ಉಡುಪಿಗೆ ವಾಪಸ್ ಬರಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಹಿಂದಿನ ದಿನವೇ ಫೋನ್ ಮಾಡಿ. ಅದು ಹೋಟೆಲ್ ಅಲ್ಲ, ಎಷ್ಟು ಜನ ಅಂತ ಗೊತ್ತಾದ ಮೇಲೇ ಅಕ್ಕಿ ಅಳೆಯುತ್ತಾರೆ. ಕಡುಬು, ಕೋಳಿ ಸಾರು ಬೇಕಿದ್ದರೆ ಆಗಲೇ ಹೇಳಿಬಿಡಿ.

ನಾವೂ ಕಳೆದ ಡಿಸೆಂಬರ್‌ನಲ್ಲಿ ಹೀಗೇ ನಮ್ಮ ಹಳೇ ಜಾಗಕ್ಕೆ ಹೋಗಿದ್ದೆವು. ಅಡುಗೆಮನೆಯಲ್ಲಿ ಅದೇ ಸೌದೆ ಒಲೆ, ಮಸಿ ಹಿಡಿದ ಅದೇ ಅಟ್ಟ. ಆ ಮನೆಯ ಅಮ್ಮ ಕಡುಬಿನ ಪಾತ್ರೆಯ ಮುಚ್ಚಳ ತೆಗೆದಾಗ ಹಬೆಗೆ ನನ್ನ ಕನ್ನಡಕ ಪೂರ್ತಿ ಮಸುಕಾಯಿತು. "ಮಗಳು ಉದ್ದ ಆಗಿದ್ದಾಳಲ್ಲ" ಅಂದರು. ನೆನಪಿಟ್ಟುಕೊಂಡಿದ್ದರು! ನನಗೆ ಊಟಕ್ಕಿಂತ ಅದೇ ಜಾಸ್ತಿ ಹಿಡಿಸಿತು.

ದಾರಿ ವಿಷಯ. ಹೆಬ್ರಿ, ಸೋಮೇಶ್ವರ ದಾಟಿ ಸುಮಾರು 55 ಕಿ.ಮೀ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಬೆಳಕಿರುವಾಗಲೇ ಹತ್ತಿ, ಸೂರ್ಯಾಸ್ತ ನೋಡಿ, ಏಳಕ್ಕೆಲ್ಲ ಊಟಕ್ಕೆ ಕೂತುಬಿಡಿ. ಎಂಟೂವರೆಗೆ ಹೊರಟರೆ ನಿಧಾನವಾಗಿ ಇಳಿಯಬಹುದು. ಇಳಿಯುವಾಗ ಸೆಕೆಂಡ್ ಗೇರ್ ಬಿಡಬೇಡಿ. ಸುಮ್ನೆ ಬ್ರೇಕ್ ಒತ್ತುತ್ತಾ ಇದ್ದರೆ ಅದು ಬಿಸಿಯಾಗಿ ಹಿಡಿಯುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಈ ಪ್ಲಾನ್ ಬೇಡ. ಮಂಜಿನಲ್ಲಿ ಮುಂದಿನ ತಿರುವೇ ಕಾಣಲ್ಲ. ಮಳೆಗಾಲದಲ್ಲೇ ಹೋಗಬೇಕು ಅಂತಿದ್ದರೆ ರಾತ್ರಿ ಅಲ್ಲೇ ಉಳಿದುಬಿಡಿ, ಕಳಲೆ ಪಲ್ಯವೂ ಸಿಗುತ್ತದೆ.

ಅಂದಹಾಗೆ, ಹೋಗುವಾಗ ಉಡುಪಿಯಿಂದ ಒಂದು ಅಟ್ಟೆ ಮಲ್ಲಿಗೆ ಒಯ್ಯಿರಿ. ಅಲ್ಲಿಯ ಅಮ್ಮನಿಗೆ ತುಂಬಾ ಖುಷಿಯಾಗುತ್ತದೆ.