ಓದುಗರ ಪ್ರಶ್ನೆ, ಬ್ಯಾಂಡ್ ಮಾಸ್ತರರ ಉತ್ತರ: ಟ್ರಂಪೆಟ್ಟೂ ಬೇಕು, ಕವಿತೆಯೂ ಬೇಕು

ಪ್ರಶ್ನೆ: ಮಾಸ್ತರರೇ, ನನ್ನ ಮಗ ಸೆಕೆಂಡ್ ಪಿಯುಸಿ ಓದುತ್ತಿದ್ದಾನೆ. ಹುಬ್ಬಳ್ಳಿಯಿಂದ ಒಂದು ಹಳೇ ಟ್ರಂಪೆಟ್ ತಂದುಕೊಂಡಿದ್ದಾನೆ. ಜೊತೆಗೆ ಕವಿತೆ ಬರೆಯುವ ಹುಚ್ಚು. ‘ಎರಡು ದೋಣಿ ಮೇಲೆ ಕಾಲಿಡಬೇಡ, ಒಂದನ್ನು ಬಿಡು’ ಅಂತ ಅವನ ಅಪ್ಪ ಹೇಳಿದರೆ, ‘ಶೇಕ್ ಕೀನ್ ಎರಡನ್ನೂ ಮಾಡಲಿಲ್ವಾ’ ಅಂತಾನೆ. ಯಾರು ಈ ಶೇಕ್ ಕೀನ್? ಅವರ ಬದುಕು ಚೆನ್ನಾಗಿ ನಡೆಯಿತಾ?
– ಒಬ್ಬ ತಾಯಿ, ಶಿರಸಿ

ಉತ್ತರ: ತಂಗಿ, ನಿಮ್ಮ ಕಾಗದ ಓದಿದ ಮೇಲೆ ಎರಡು ದಿನ ನನಗೆ ಬೇರೆ ಕೆಲಸ ಹತ್ತಲಿಲ್ಲ. ಅದರ ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಶೇಕ್ ಕೀನ್.

ಕೆರಿಬಿಯನ್ ಸಮುದ್ರದಲ್ಲಿ ಸೇಂಟ್ ವಿನ್ಸೆಂಟ್ ಅಂತ ಒಂದು ಸಣ್ಣ ದ್ವೀಪ. ಅದರ ರಾಜಧಾನಿ ಕಿಂಗ್ಸ್‌ಟೌನ್. ಜಮೈಕಾದ ಕಿಂಗ್ಸ್‌ಟನ್ ಬೇರೆ, ಇದು ಬೇರೆ. ನಮ್ಮಲ್ಲಿ ಪಲ್ಯ, ಪೋಡಿ ಮಾಡುವ ಜೀಗುಜ್ಜೆ ಇದೆಯಲ್ಲ, ಆ ಮರವನ್ನು ಇಂಗ್ಲಿಷರು 1793ರಲ್ಲಿ ಪೆಸಿಫಿಕ್ ದ್ವೀಪಗಳಿಂದ ಹಡಗಿನಲ್ಲಿ ತಂದು ನೆಟ್ಟದ್ದು ಈ ಊರಿನ ತೋಟದಲ್ಲೇ. 1861ರಲ್ಲಿ ಮದ್ರಾಸಿನಿಂದ ಕೂಲಿಯಾಳುಗಳನ್ನೂ ಅಲ್ಲಿಗೆ ಒಯ್ದರು. ಹಾಗಾಗಿ ಆ ದ್ವೀಪ ನಮಗೆ ತೀರಾ ದೂರದ್ದು ಅಂತ ನನಗೆ ಅನಿಸುವುದಿಲ್ಲ.

ಶೇಕ್ ಕೀನ್ ಅಲ್ಲಿ 1927ರ ಮೇ 30ರಂದು ಹುಟ್ಟಿದರು. ನಿಜವಾದ ಹೆಸರು ಎಲ್ಸ್‌ವರ್ತ್ ಮೆಕ್‌ಗ್ರಾನಹನ್ ಕೀನ್. ಟ್ರಂಪೆಟ್ ಕಲಿಸಿದ್ದು ಅಪ್ಪ. ಆರನೇ ವಯಸ್ಸಿಗೇ ಹುಡುಗ ಜನರೆದುರು ನುಡಿಸಿದ. ಹದಿಮೂರಕ್ಕೆ ಅಪ್ಪ ತೀರಿಕೊಂಡರು. ತಾಯಿ ದುಡಿದು ಆರು ಮಕ್ಕಳನ್ನು ಸಾಕಿದರು. ಹದಿನಾಲ್ಕಕ್ಕೆ ಇವರು ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದು ಬ್ಯಾಂಡ್ ಮಾಡಿದರು. ಆದರೆ ಆಗ ಅವರ ಮನಸ್ಸು ಜಾಸ್ತಿ ಇದ್ದದ್ದು ಪುಸ್ತಕದಲ್ಲಿ. ಕವಿತೆ ಕವಿತೆ ಅಂತ ಓಡಾಡುತ್ತಿದ್ದ ಹುಡುಗನಿಗೆ ಶಾಲೆಯ ಗೆಳೆಯರು ‘ಶೇಕ್ಸ್‌ಪಿಯರ್’ ಅಂತ ಹೆಸರಿಟ್ಟರು. ಅದೇ ಸವೆದು ‘ಶೇಕ್’ ಆಯಿತು. ಊರಲ್ಲಿ ಮಾಸ್ತರಿಕೆ ಮಾಡಿದರು. 1950ರಲ್ಲಿ ಮೊದಲ ಕವನ ಸಂಕಲನ ಬಂತು.

ನೋಡಿ ತಂಗಿ, ನಿಮ್ಮ ಮಗ ಹೇಳುವುದು ಸುಳ್ಳಲ್ಲ. ಈ ಮನುಷ್ಯನನ್ನು ಜನ ಹೆಸರಿಟ್ಟು ಕರೆಯುತ್ತಿದ್ದದ್ದೇ ಕವಿತೆಯಿಂದಾಗಿ.

1952ರಲ್ಲಿ ಅವರು ಲಂಡನ್ನಿಗೆ ಹೋದರು. ಬಿಬಿಸಿ ರೇಡಿಯೊದಲ್ಲಿ ಕೆರಿಬಿಯನ್ ಬರಹಗಾರರ ಕಾರ್ಯಕ್ರಮಕ್ಕೆ ಕವಿತೆ ಓದುವ ಕೆಲಸ. ರಾತ್ರಿ ಕ್ಲಬ್ಬುಗಳಲ್ಲಿ ಟ್ರಂಪೆಟ್. ಕ್ಯಾಲಿಪ್ಸೊ, ಆಫ್ರಿಕದ ಹೈಲೈಫ್, ಕುಣಿತದ ಹಾಡು, ಕೇಳಿದ್ದೆಲ್ಲ ನುಡಿಸುತ್ತಿದ್ದರು. ಮದುವೆ ಬ್ಯಾಂಡಿನಲ್ಲಿ ನಾವೂ ಮಾಡಿದ್ದು ಇದನ್ನೇ. ಬೆಳಗ್ಗೆ ಚರ್ಚಿನ ಫೆಸ್ತಿನ ಮೆರವಣಿಗೆ, ಸಂಜೆ ದಿಬ್ಬಣದಲ್ಲಿ ಸಿನಿಮಾ ಹಾಡು. ಇದನ್ನು ಯಾರೂ ಸಣ್ಣ ಕೆಲಸ ಅನ್ನಬೇಡಿ. ತುಟಿಗೆ ಬಲ ಬರುವುದು, ಕಿವಿ ತೆರೆಯುವುದು ಇಂಥ ದುಡಿಮೆಯಲ್ಲೇ.

1959ರ ಹೊತ್ತಿಗೆ ಅವರು ಜೋ ಹ್ಯಾರಿಯಟ್ ಅವರ ಜಾಝ್ ತಂಡ ಸೇರಿದರು. ಹ್ಯಾರಿಯಟ್ ಜಮೈಕಾದವರು, ಸ್ಯಾಕ್ಸೊಫೋನ್. ಪಿಯಾನೊಗೆ ಸ್ಕಾಟ್ಲೆಂಡಿನ ಪ್ಯಾಟ್ ಸ್ಮೈತ್, ಬಾಸ್ ಎಂಬ ದೊಡ್ಡ ತಂತಿವಾದ್ಯಕ್ಕೆ ಜಮೈಕಾದ ಕೋಲ್‌ರಿಜ್ ಗೂಡ್. ಈ ಗೂಡ್ ನೂರು ವರ್ಷ ಬದುಕಿದರು, 2015ರಲ್ಲಿ ತೀರಿಕೊಂಡರು. 1960ರ ಕೊನೆಗೆ ಈ ತಂಡ ‘ಫ್ರೀ ಫಾರ್ಮ್’ ಎಂಬ ರೆಕಾರ್ಡ್ ಮಾಡಿತು. ಅಮೆರಿಕದಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ತಮ್ಮ ಹೆಸರಾಂತ ‘ಫ್ರೀ ಜಾಝ್’ ರೆಕಾರ್ಡ್ ಮಾಡಿದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಲಂಡನ್ನಿನವರು ಯಾರನ್ನೂ ನೋಡಿ ಮಾಡಿದ್ದಲ್ಲ, ತಮ್ಮ ದಾರಿ ತಾವೇ ಹುಡುಕಿಕೊಂಡರು.

ಇದು ಎಂಥ ಸಂಗೀತ ಅಂತ ಕೇಳುತ್ತೀರಿ. ನೀವು ಶಿರಸಿಯವರು, ತಾಳಮದ್ದಲೆ ಕೇಳಿರುತ್ತೀರಿ, ಅಲ್ವಾ? ಅಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತು. ಭಾಗವತರು ಹೇಳುವ ಪದವೂ ಗೊತ್ತು. ಅರ್ಥಧಾರಿಯ ಮಾತು ಮಾತ್ರ ಆ ಹೊತ್ತಿಗೆ ಹುಟ್ಟಬೇಕು. ಎದುರಿನವರು ಏನು ಕೇಳುತ್ತಾರೋ ನೋಡಿ ಉತ್ತರ ಕೊಡಬೇಕು. ಸಾಮಾನ್ಯ ಜಾಝ್ ಹೀಗೆಯೇ. ಹಾಡಿನ ಚೌಕಟ್ಟು ಗಟ್ಟಿ, ಅದರೊಳಗೆ ಕಲ್ಪನೆ. ಹ್ಯಾರಿಯಟ್ ಆ ಚೌಕಟ್ಟನ್ನೇ ಮುಟ್ಟಿದರು. ಒಂದೇ ಸಮ ನಡೆಯುವ ಲಯ, ಬದಲಾಗದ ತಾಳ, ಮೊದಲೇ ಕಟ್ಟಿದ ಧಾಟಿ, ಮುಂದೇನು ಅಂತ ಊಹಿಸಬಹುದಾದ ಸ್ವರಮೇಳ, ಇಷ್ಟೇ ಅಳತೆ ಎಂಬ ಲೆಕ್ಕ. ಒಂದೊಂದು ತುಣುಕಿನಲ್ಲೂ ಇವುಗಳಲ್ಲಿ ಒಂದನ್ನಾದರೂ ಉಳಿಸಿಕೊಳ್ಳುತ್ತೇವೆ, ಮಿಕ್ಕಿದ್ದನ್ನು ಬೇಕಾದಾಗ ಬಿಡುತ್ತೇವೆ ಅಂದರು. ಬಿಟ್ಟ ಜಾಗದಲ್ಲಿ ಕೇಳಿಸಿಕೊಳ್ಳುವುದೇ ಆಧಾರ. ಶೇಕ್ ಕೀನ್ ಅಂಥ ಕೇಳುಗ. ಹ್ಯಾರಿಯಟ್ ಮುಳ್ಳಿನ ಹಾಗೆ ಒಂದು ಸ್ವರ ಎಸೆದರೆ, ಇವರು ಸ್ವಲ್ಪ ತಡೆದು, ಅದನ್ನು ಎತ್ತಿಕೊಂಡು ತಿರುಗಿಸಿ ಕೊಡುತ್ತಾರೆ. ಮಾತು ಬಲ್ಲವನ ತಡೆ ಅದು. ಕವಿತೆ ಬರೆದವನ ಉಸಿರು ಅದು ಅಂತ ನಾನು ನಂಬಿದ್ದೇನೆ.

ನಾನು ಇವರನ್ನು ಮೊದಲು ಕೇಳಿದ್ದು ನಮ್ಮ ಭಾವ ತಂದ ಕ್ಯಾಸೆಟ್ಟಿನಲ್ಲಿ. ಭಾವ ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದರು. ಲಂಡನ್ನಿನಲ್ಲಿ ಯಾರೋ ರೆಕಾರ್ಡಿನಿಂದ ತುಂಬಿಸಿಕೊಟ್ಟದ್ದು. ಕೋಡಿಬಾಗದ ಮನೆಯ ಜಗಲಿಯಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ಟೇಪ್ ರೆಕಾರ್ಡರ್ ಮಡಿಲಲ್ಲಿಟ್ಟುಕೊಂಡು ಕೇಳಿದೆ. ಮೊದಲ ಸಲ ಏನೂ ಹತ್ತಲಿಲ್ಲ. ಮೂರನೇ ಸಲಕ್ಕೆ ಅವರು ಊದಿದ ಫ್ಲೂಗಲ್‌ಹಾರ್ನ್ ಶಬ್ದ ಎದೆಗೆ ಬಂತು. ಟ್ರಂಪೆಟ್ಟಿನ ಅಣ್ಣನ ಹಾಗಿರುವ ವಾದ್ಯ ಅದು. ಕೊಳವೆ ಉದ್ದಕ್ಕೂ ಅಗಲವಾಗುತ್ತಾ ಹೋಗುತ್ತದೆ. ಅದಕ್ಕೇ ದನಿ ಕಂಚಿನ ಹಾಗೆ ಕಿವಿಗೆ ಹೊಡೆಯುವುದಿಲ್ಲ, ದಪ್ಪಗೆ, ಮೆತ್ತಗೆ ಬರುತ್ತದೆ.

ಹ್ಯಾರಿಯಟ್ ತಂಡದ ಕಾಲದಲ್ಲೇ ಮೈಕೆಲ್ ಗ್ಯಾರಿಕ್ ಎಂಬ ಪಿಯಾನೊ ವಾದಕರು ಕವಿಗಳನ್ನೂ ಜಾಝ್‌ನವರನ್ನೂ ಒಂದೇ ವೇದಿಕೆಗೆ ತಂದು ಊರೂರು ತಿರುಗಿದರು. ಕೀನ್ ಅದರಲ್ಲೂ ಇದ್ದರು. ನಿಮ್ಮ ಮಗ ಇದನ್ನು ಹುಡುಕಿ ಕೇಳಲಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇದಕ್ಕೆ ಸಿಹಿ ಹಚ್ಚಿ ಉತ್ತರ ಕೊಟ್ಟರೆ ತಪ್ಪಾಗುತ್ತದೆ. 1965ರಲ್ಲಿ ಅವರು ಜರ್ಮನಿಗೆ ಹೋದರು. ಕಲೋನ್ ಊರಿನ ರೇಡಿಯೊದಲ್ಲಿ ಕುರ್ಟ್ ಎಡೆಲ್‌ಹಾಗೆನ್ ಅವರ ವಾದ್ಯವೃಂದದಲ್ಲಿ ಕೆಲಸ ಸಿಕ್ಕಿತು. ಜಾಝ್ ನುಡಿಸುವವನಿಗೆ ಅಂಥ ಆಸರೆ ಸಿಗುವುದು ಅಪರೂಪ. ಅದನ್ನು ಬಿಟ್ಟು 1972ರಲ್ಲಿ ಊರಿಗೆ ಬಂದರು. ಸೇಂಟ್ ವಿನ್ಸೆಂಟ್ ಸರ್ಕಾರ ಸಂಸ್ಕೃತಿ ಇಲಾಖೆಯ ನಿರ್ದೇಶಕರಾಗಿ ಕರೆದಿತ್ತು. ಸರ್ಕಾರ ಬದಲಾಯಿತು, 1975ಕ್ಕೆ ಆ ಹುದ್ದೆ ಹೋಯಿತು. ಮತ್ತೆ ಮಾಸ್ತರಿಕೆ. ಆ ದಿನಗಳಲ್ಲಿ ಟ್ರಂಪೆಟ್ ಹಿಂದೆ ಬಿತ್ತು, ಬರಹ ಕೈ ಹಿಡಿಯಿತು. 1979ರಲ್ಲಿ ಅವರ ಕವಿತೆಗೆ ಕ್ಯೂಬಾದ ‘ಕಾಸಾ ದೆ ಲಾಸ್ ಅಮೆರಿಕಾಸ್’ ಬಹುಮಾನ ಬಂತು. 1981ರಲ್ಲಿ ನ್ಯೂಯಾರ್ಕಿಗೆ ಹೋದರು. 1989ರಲ್ಲಿ, ಹ್ಯಾರಿಯಟ್ ತೀರಿಕೊಂಡು ಹದಿನಾರು ವರ್ಷ ಆದ ಮೇಲೆ, ಅವರ ನೆನಪಿಗೆ ಹಳೇ ಗೆಳೆಯರು ಬ್ರಿಟನ್ನಿನಲ್ಲಿ ತಿರುಗಾಟ ಮಾಡಿದರು. ಗೂಡ್ ಇದ್ದರು, ಗ್ಯಾರಿಕ್ ಇದ್ದರು. ಕೀನ್ ಮತ್ತೆ ವಾದ್ಯ ಎತ್ತಿಕೊಂಡರು. ಆಗ ಅರವತ್ತೆರಡು ವಯಸ್ಸು. ಆ ವಯಸ್ಸಿನಲ್ಲಿ ತುಟಿ ಮತ್ತೆ ಗಟ್ಟಿ ಮಾಡಿಕೊಳ್ಳುವುದು ಎಂಥ ಕಷ್ಟ ಅಂತ ಊದುವವರಿಗೆ ಗೊತ್ತು. 1997ರ ನವೆಂಬರ್ 11ರಂದು ನಾರ್ವೆಯಲ್ಲಿ ತೀರಿಕೊಂಡರು.

ಹಣ ನೋಡಿದರೆ ಚೆನ್ನಾಗಿ ನಡೆಯಿತು ಅಂತ ಹೇಳಲಾರೆ. ಆದರೆ ಒಂದು ವಿಷಯ ಗಮನಿಸಿ. ನಡುವೆ ಸಂಗೀತ ಕೈಬಿಟ್ಟಾಗ ಕವಿತೆ ಇತ್ತು. ಹೊಸ ದೇಶಕ್ಕೆ ಬಂದಾಗ ಮೊದಲು ರೇಡಿಯೊದಲ್ಲಿ ಕವಿತೆ ಓದಿದರು, ಆಮೇಲೆ ಟ್ರಂಪೆಟ್ ಹೆಸರು ತಂದಿತು. ಎರಡು ದೋಣಿ ಅಂತ ನಿಮ್ಮ ಮನೆಯವರು ಹೇಳಿದರಲ್ಲ. ನಮ್ಮ ಕಡಲಲ್ಲಿ ಪಕ್ಕಕ್ಕೆ ಒಂದು ಮರದ ದಿಮ್ಮಿ ಕಟ್ಟಿದ ಸಣ್ಣ ದೋಣಿ ನೋಡಿದ್ದೀರಾ? ಆ ದಿಮ್ಮಿ ಬಿಚ್ಚಿದರೆ ಅಲೆಗೆ ದೋಣಿ ಮಗುಚುತ್ತದೆ.

ಈಗ ನನ್ನ ಕಾರಣ. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ, ಕನ್ನಡ ಮುಖ್ಯ ವಿಷಯ. ಬ್ಯಾಂಡಿನ ಹಿರಿಯರೊಬ್ಬರು ‘ಪುಸ್ತಕ ಇಲ್ಲವೇ ಬಾಜಾ, ಒಂದು ಇಟ್ಟುಕೋ’ ಅಂದರು. ಅಪ್ಪನೂ ಸುಮ್ನೆ ಇದ್ದರು. ನಾನು ಕಾಲೇಜು ಬಿಟ್ಟೆ. ಅಲ್ಲಿಂದ ನಲವತ್ತು ವರ್ಷ ಊದಿದ್ದೇನೆ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಆಗ ಬರೆಯುತ್ತಿದ್ದ ನೋಟು ಪುಸ್ತಕ ಪೆಟ್ಟಿಗೆಯಲ್ಲೇ ಇದೆ. ಅದರ ಮುಂದಿನ ಪುಟ ನನ್ನ ಕೈಲಿ ಬರೆಯಲಾಗಲಿಲ್ಲ. ನಿಮ್ಮ ಮಗನಿಗೆ ಹದಿನೇಳು ವಯಸ್ಸಿಗೇ ಆಯ್ಕೆ ಮಾಡು ಅನ್ನಬೇಡಿ, ತಂಗಿ. ಡಿಗ್ರಿ ಓದಲಿ. ಬೆಳಗ್ಗೆ ಇಪ್ಪತ್ತು ನಿಮಿಷ ಬರೀ ದೀರ್ಘ ಸ್ವರ ಹಿಡಿಯಲಿ, ಹಾಡು ಬೇಡ. ರಾತ್ರಿ ಬರೆಯಲಿ. ಅವನ ಅಪ್ಪನಿಗೂ ಈ ಕಾಗದ ಓದಿ ಹೇಳಿ.

ಪ್ರಶ್ನೆ: ಕೆರಿಬಿಯನ್ನಿನ ಸಣ್ಣ ದ್ವೀಪಗಳಿಂದ ಇಷ್ಟೊಂದು ಟ್ರಂಪೆಟ್‌ನವರು ಹೇಗೆ ಬಂದರು?
– ಶಿಕ್ಷಕ, ಭಟ್ಕಳ

ಉತ್ತರ: ಕಲಿಸುವವರಿದ್ದರು, ಅದಕ್ಕೆ. ಜಮೈಕಾದ ಕಿಂಗ್ಸ್‌ಟನ್ನಿನಲ್ಲಿ ಕ್ರೈಸ್ತ ಸಿಸ್ಟರ್‌ಗಳು ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಸ್ಕೂಲ್ ಇತ್ತು. ಬಡ ಹುಡುಗರಿಗೆ ಅಲ್ಲಿ ಬ್ಯಾಂಡ್ ಕಲಿಸುತ್ತಿದ್ದರು. ಹ್ಯಾರಿಯಟ್ ಅಲ್ಲಿಯವರು. ಟ್ರಂಪೆಟ್ಟಿನ ಡಿಝಿ ರೀಸ್, ಲೆಸ್ಲಿ ಥಾಂಪ್ಸನ್ ಕೂಡ ಅಲ್ಲಿಯವರೇ. ಥಾಂಪ್ಸನ್ 1901ರಲ್ಲಿ ಹುಟ್ಟಿದವರು. ಮಿಲಿಟರಿ ಬ್ಯಾಂಡಿನಲ್ಲಿ ಪಳಗಿ ಲಂಡನ್ನಿಗೆ ಹೋದರು. 1930ರ ದಶಕದಲ್ಲಿ ಅಮೆರಿಕದ ಹೆಸರಾಂತ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಯುರೋಪಿಗೆ ಬಂದಾಗ ಅವರ ಜೊತೆ ನುಡಿಸಿದರು. ನಮ್ಮ ಪಕ್ಕದ ಗೋವೆಯ ಕಥೆಯೂ ಇದೇ ಅಲ್ವಾ? ಚರ್ಚಿನ ಶಾಲೆಯಲ್ಲಿ ಸ್ವರ ಓದಲು ಕಲಿತ ಮಕ್ಕಳು ಮುಂಬೈ ಸಿನಿಮಾದ ವಾದ್ಯವೃಂದ ತುಂಬಿದರು. ಅಲ್ಡೋನಾದ ಚಿಕ್ ಚಾಕೊಲೇಟ್ ಅವರ ಟ್ರಂಪೆಟ್ ಕೇಳಿ ನಮ್ಮಪ್ಪ ಕಣ್ಣು ಒರೆಸಿಕೊಂಡದ್ದು ನೋಡಿದ್ದೇನೆ. ಮಾಸ್ತರರೇ, ನಿಮ್ಮ ಶಾಲೆಗೆ ನಾಲ್ಕು ವಾದ್ಯ ಕೊಡಿಸಿ. ಮಿಕ್ಕಿದ್ದನ್ನು ಮಕ್ಕಳು ನೋಡಿಕೊಳ್ಳುತ್ತಾರೆ.

ಪ್ರಶ್ನೆ: ಟ್ರಂಪೆಟ್ಟಿನಲ್ಲಿ ರಾಗ ನುಡಿಸಬಹುದೇ?
– ಕುಮಟಾ

ಉತ್ತರ: ನುಡಿಸಬಹುದು. ಶಹನಾಯಿಯ ತೂತಿನ ಮೇಲೆ ಬೆರಳು ಜಾರಿಸಬಹುದು, ಇಲ್ಲಿ ಪಿಸ್ಟನ್, ಅಂದರೆ ಬೆರಳಿನ ಕೆಳಗಿನ ಗುಂಡಿ, ಒತ್ತಿದರೆ ಸ್ವರ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬೇಕೆಂದರೆ ತುಟಿಯಿಂದ ತರಬೇಕು, ಇಲ್ಲವೇ ಪಿಸ್ಟನ್ ಅರ್ಧ ಒತ್ತಿ ತರಬೇಕು. ಕಷ್ಟದ ಕೆಲಸ. ಸ್ಯಾಕ್ಸೊಫೋನಿನಲ್ಲಿ ಗಮಕ ಆಗುವುದಿಲ್ಲ ಅಂದವರಿಗೆ ನಮ್ಮ ಕದ್ರಿ ಗೋಪಾಲನಾಥರು ಉತ್ತರ ಕೊಡಲಿಲ್ವಾ? ಮೇಲೆ ಹೇಳಿದ ಶೇಕ್ ಕೀನ್ ಕೂಡ ಇಂಥದ್ದರಲ್ಲಿ ಕೈ ಹಾಕಿದವರು. ಕಲ್ಕತ್ತದಲ್ಲಿ ಹುಟ್ಟಿದ ಜಾನ್ ಮೇಯರ್, ಹ್ಯಾರಿಯಟ್ ಜೊತೆ ಸೇರಿ ಲಂಡನ್ನಿನಲ್ಲಿ ಇಂಡೋ ಜಾಝ್ ತಂಡ ಕಟ್ಟಿದರು. ಐದು ಜನ ಜಾಝ್‌ನವರು, ಐದು ಜನ ಸಿತಾರ್, ತಬಲಾ, ತಂಬೂರಿ ಕಡೆಯವರು. 1967ರ ಅವರ ರೆಕಾರ್ಡಿನಲ್ಲಿ ಕೇಶವ ಸಾಠೆಯವರ ತಬಲಾ ಪಕ್ಕದಲ್ಲಿ ಕೀನ್ ಅವರ ದನಿ ಕೇಳುತ್ತದೆ. ಮೊದಲು ಭೂಪ ರಾಗದಿಂದ ಶುರುಮಾಡಿ. ಐದೇ ಸ್ವರ, ನಿಲ್ಲಲು ಜಾಗ ಇದೆ.

ಪ್ರಶ್ನೆ: ಮಳೆಗಾಲ ಬಂದರೆ ನನ್ನ ಟ್ರಂಪೆಟ್ಟಿನ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಹಾಕಬಹುದೇ?
– ಅಂಕೋಲಾ

ಉತ್ತರ: ಬೇಡ ತಮ್ಮಾ. ಅದು ಅಂಟಾಗಿ ಕೂರುತ್ತದೆ. ವಾದ್ಯದ ಅಂಗಡಿಯಲ್ಲಿ ವಾಲ್ವ್ ಆಯಿಲ್ ಅಂತಲೇ ಸಿಗುತ್ತದೆ, ಅದನ್ನೇ ತಾ. ಪಿಸ್ಟನ್ ಒಂದೊಂದಾಗಿ ತೆಗೆ. ಮೇಲೆ 1, 2, 3 ಅಂತ ಗುರುತಿರುತ್ತದೆ, ಅದಲುಬದಲು ಮಾಡಬೇಡ. ಉಗುರು ಬೆಚ್ಚಗಿನ ನೀರಲ್ಲಿ ತೊಳೆ, ಬಿಸಿನೀರು ಬೇಡ. ನೂಲು ಬಿಡದ ಹತ್ತಿ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ನಾಲ್ಕು ಹನಿ ಎಣ್ಣೆ ಬಿಡು. ಊದಿ ಮುಗಿದ ಮೇಲೆ ಒಳಗಿನ ನೀರು ಪೂರ್ತಿ ಚೆಲ್ಲು. ಮೌತ್‌ಪೀಸ್ ಸಿಕ್ಕಿಕೊಂಡರೆ ಇಕ್ಕಳ ಹಾಕಿ ಎಳೆಯಬೇಡ, ಕೊಳವೆ ತಿರುಚಿಕೊಳ್ಳುತ್ತದೆ. ರಿಪೇರಿಯವರ ಹತ್ತಿರ ಒಯ್ಯಿ.